ಅಕ್ಕ ಎಂದು ಬರೆದ ಬಾಟಲಿ

ಫೆಬ್ರವರಿ 11

ಪ್ರೀತಿಯ ಅಕ್ಕನಿಗೆ,

ನಿನ್ನ ಮೆಣಸಿನಕಾಯಿ ಮಾಡುವ ನಮಸ್ಕಾರಗಳು. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಮೊದಲು ನನ್ನ ಕಿವಿ ಹಿಂಡಿಬಿಡು, ಆಮೇಲೆ ಮುಂದೆ ಓದು. ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನಮ್ಮನೆಯವರಿಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ. ಆ ನೋವೂ ತರಕಾರಿ ತರಲು ಹೇಳಿದಾಗ ಮಾತ್ರ ಬರುತ್ತದೆ.

ನಿನ್ನ ಕಿವಿಯ ಯಂತ್ರ ಮತ್ತೆ ಕೀಂಯ್ ಎನ್ನಲು ಶುರುಮಾಡಿತಂತೆ. ನೀನು ಅದನ್ನು ತೆಗೆದು ನೂಲಿನ ಡಬ್ಬಿಗೆ ಹಾಕಿಬಿಟ್ಟಿದ್ದೀಯ ಎಂದು ಭಾವ ಫೋನಿನಲ್ಲಿ ಹೇಳಿದರು. "ಅದನ್ನ ಹಾಕ್ಕೊಂಡ್ರೆ ಬೀದಿ ಗಲಾಟೆಯೆಲ್ಲಾ ಕೇಳುತ್ತಂತೆ, ನನ್ನ ಮಾತೊಂದು ಬಿಟ್ಟು" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮಕ್ಕಳು ಫೋನ್ ಮಾಡಿದರೂ ಭಾವನ ಜೊತೆಗೇ ಮಾತು ಮುಗಿಸಿ, "ಅಮ್ಮಂಗೆ ಹೇಳಿಬಿಡಿ" ಎಂದು ಇಟ್ಟುಬಿಡುತ್ತಾರಂತೆ. ಅದಕ್ಕೇ ನಾನು ಕಾಗದವನ್ನೇ ನಂಬಿದ್ದೇನೆ. ಇದರಲ್ಲಿ ನಾನು ಹೇಳಿದ್ದನ್ನು ನಡುವೆ ಯಾರೂ ಅರ್ಧಕ್ಕೆ ಕತ್ತರಿಸಿ ನಿನಗೆ ಕೊಡಲಾರರು.

ನೀನು ಒಂದು ಪ್ರಶ್ನೆ ಕೇಳಿದ್ದೆ. ಇಷ್ಟು ವರ್ಷದಿಂದ ನನ್ನ ಮೊಟ್ಟೆ ಹೊತ್ತುಕೊಂಡು ಹೋಗುತ್ತೀಯಲ್ಲ, ಅದರಲ್ಲಿ ಏನು ಹುಡುಕುತ್ತೀರಿ ಎಂದು. ಏನೂ ಹುಡುಕುವುದಿಲ್ಲ ಅಕ್ಕ. ಅದರಲ್ಲಿ ಏನೂ ಇಲ್ಲ ಎಂಬುದಕ್ಕೇ ಅದು ನಮಗೆ ಬೇಕು. ಅಂಗಡಿಗೆ, ಆಸ್ಪತ್ರೆಗೆ, ಶಾಲೆಗೆ ಹೋಗುವ ಮೊಟ್ಟೆಗಳ ಮಾದರಿ ನಮ್ಮ ಲ್ಯಾಬಿಗೆ ಬರುತ್ತದೆ. ಕೋಳಿಗೆ ಕೊಟ್ಟ ಔಷಧಿ ಆ ಮೊಟ್ಟೆಗಳಲ್ಲಿ ಉಳಿದಿದೆಯೇ ಎಂದು ನೋಡುವುದು ನಮ್ಮ ಕೆಲಸ. ಉಳಿಯುವುದು ಕಣ್ಣಿಗೆ ಕಾಣುವಷ್ಟಲ್ಲ, ನಾಲಿಗೆಗೆ ತಿಳಿಯುವಷ್ಟೂ ಅಲ್ಲ. ಹಾಗಾಗಿ ಹೋಲಿಸಲು ಔಷಧಿಯ ಸೋಂಕೇ ಇಲ್ಲದ ಮೊಟ್ಟೆ ಬೇಕು. ಅದಕ್ಕೆ ನಾವೇ ಅಳೆದು ಒಂದಿಷ್ಟು ಔಷಧಿ ಸೇರಿಸಿ, ಲ್ಯಾಬಿನ ಯಂತ್ರ ಎಷ್ಟು ತೋರಿಸುತ್ತದೆ ಎಂದು ನೋಡಿಕೊಂಡು, ಅದನ್ನೇ ಅಳತೆಗೋಲಾಗಿ ಇಟ್ಟು ಉಳಿದವರ ಮೊಟ್ಟೆ ಅಳೆಯುತ್ತೇವೆ. ಆ ಶುದ್ಧ ಮೊಟ್ಟೆ ನಿನ್ನದು. ಕೋಳಿಗೆ ಕಾಯಿಲೆ ಬಂದರೆ ಮೊದಲು ನನಗೆ ಹೇಳಬೇಕು, ಪೂರ್ತಿ ಸರಿಹೋಗುವ ತನಕ ಮೊಟ್ಟೆ ತೆಗೆದುಕೊಳ್ಳುವುದಿಲ್ಲ ಎಂದು ಮೊದಲ ಸಲವೇ ಕರಾರು ಮಾಡಿಕೊಂಡಿದ್ದೆವಲ್ಲ, ಅದು ಇದಕ್ಕೇ.

ನಿನ್ನ ಮೊಟ್ಟೆಗಳನ್ನು ಒಡೆದು, ಕಲಸಿ, ಚಿಕ್ಕ ಬಾಟಲಿಗಳಿಗೆ ತುಂಬಿ ಫ್ರೀಜರಿನಲ್ಲಿ ಇಡುತ್ತೇವೆ. ನಿಯಮದ ಪ್ರಕಾರ ಅದಕ್ಕೊಂದು ಉದ್ದನೆಯ ಸಂಖ್ಯೆ ಇದೆ. ಆದರೆ ಯಾವ ಕಾಲದಲ್ಲೋ ನಾನು ಅದರ ಚೀಟಿಯ ಮೇಲೆ "ಅಕ್ಕ" ಎಂದು ಬರೆದೆ, ಅದೇ ನಿಂತುಬಿಟ್ಟಿತು. "ಫ್ರೀಜರಿಂದ ಎರಡು ಅಕ್ಕ ತನ್ನಿ." "ಅಕ್ಕ ಮುಗೀತಾ ಬಂತು ಮೇಡಂ." ಹೊಸದಾಗಿ ಸೇರಿದವರಿಗೆ ಮೊದಲ ಪಾಠವೇ ಯಂತ್ರದ ಪರದೆಯ ಮೇಲೆ ಅಕ್ಕನ ಗೆರೆ ಹೇಗಿರುತ್ತದೆ ಎಂಬುದು. ಔಷಧಿ ಇದ್ದರೆ ಗೆರೆ ಉಬ್ಬುತ್ತದೆ; ಅಕ್ಕನದು ನೆಲಕ್ಕೆ ಹಾಸಿದ ಚಾಪೆಯ ಹಾಗೆ, ಎಲ್ಲೂ ಒಂದು ಉಬ್ಬಿಲ್ಲ. ಇದನ್ನು ನಿನಗೆ ಹೇಳಿದರೆ ನೆಲದ ಮೇಲೆ ಕಾಲಿಡುವುದಿಲ್ಲ ಎಂದು ಇಷ್ಟು ದಿನ ಹೇಳಿರಲಿಲ್ಲ.

ಈಗ ಹೇಳುತ್ತಿರುವುದು ಯಾಕೆಂದರೆ, ಆ ಚಾಪೆಯಲ್ಲಿ ಒಂದು ಉಬ್ಬು ಕಾಣಿಸಿಕೊಂಡಿದೆ.

ಎನ್ರೋಫ್ಲಾಕ್ಸಸಿನ್ ಎಂದು ಒಂದು ಔಷಧಿ. ಬಾಯಿ ತುಂಬುವ ಹೆಸರು, ನಾವು ಎನ್ರೋ ಎನ್ನುತ್ತೇವೆ. ಕೆಮ್ಮು, ಉಬ್ಬಸ ಬಂದ ಕೋಳಿಗೆ ನೀರಿನಲ್ಲಿ ಬೆರೆಸಿ ಕೊಡುತ್ತಾರೆ. ಮೊಟ್ಟೆ ಇಡುವ ಕೋಳಿಗೆ ಕೊಡಬಾರದು. ನಾನು ಜನವರಿ ಕೊನೆಗೆ ತಂದ ಮೊಟ್ಟೆಯಲ್ಲಿ ಅದು ಕಾಣುತ್ತಿದೆ. ಆಗ ಯಂತ್ರ ಸ್ವಲ್ಪ ಮಂದವಾಗಿತ್ತು, ನಮಗೆ ಗೊತ್ತಾಗಲಿಲ್ಲ. ಮೊನ್ನೆ ಒಂದು ಬಿಡಿಭಾಗ ಬದಲಿಸಿದ ಮೇಲೆ ಅದರ ಕಣ್ಣು ಚುರುಕಾಯಿತು, ಉಬ್ಬು ಎದ್ದು ನಿಂತಿತು. ಉಬ್ಬು ಚಿಕ್ಕದೇ. ಆದರೆ ತಕ್ಕಡಿಯ ಒಂದು ತಟ್ಟೆಗೆ ಮೊದಲೇ ಏನೋ ಮೆತ್ತಿಕೊಂಡಿದ್ದರೆ ಅದರಲ್ಲಿ ತೂಗಿದ್ದೆಲ್ಲ ತಪ್ಪಾಗುತ್ತದೆ. ಔಷಧಿ ಇರುವ ಮೊಟ್ಟೆಗೂ ನಾವು ಇಲ್ಲ ಎಂದು ಬರೆದುಕೊಡುತ್ತೇವೆ. ಅದು ಯಾರದೋ ಮಗುವಿನ ತಟ್ಟೆಗೆ ಹೋಗುತ್ತದೆ.

ಲ್ಯಾಬಿನಲ್ಲಿ ಈಗ ಎಲ್ಲರೂ ಉಸಿರು ಬಿಗಿಹಿಡಿದುಕೊಂಡು ಓಡಾಡುತ್ತಿದ್ದೇವೆ. ಮೊದಲು ಯಂತ್ರದ ಮೇಲೆ ಅನುಮಾನ ಬಂತು. ಬರೀ ದ್ರಾವಕ ಹಾಯಿಸಿ ನೋಡಿದೆವು, ಗೆರೆ ಸಪಾಟು. ಆಮೇಲೆ ನೀರು, ಗಾಜು, ಕೈಗವಸು, ಕೊನೆಗೆ ಮೇಜು ಒರೆಸುವ ಬಟ್ಟೆಯನ್ನೂ ಬಿಡಲಿಲ್ಲ. ಅಕ್ಕನನ್ನು ಮಾತ್ರ ಯಾರೂ ಅನುಮಾನಿಸಲಿಲ್ಲ. ನೀನು ಹೊಲಿದ ರವಿಕೆ ಬಿಗಿಯಾದರೆ ಕತ್ತರಿಯನ್ನು ಬೈಯುತ್ತೀಯ, ಗಿರಾಕಿಯನ್ನು ಬೈಯುತ್ತೀಯ, ಅಳತೆ ಟೇಪನ್ನು ಬೈಯುತ್ತೀಯಾ?

ಕೊನೆಗೆ ಎಲ್ಲರ ಕಣ್ಣೂ ಮಿಲಿಗ್ರಾಂ ಮೇಲೆ ಬಿತ್ತು. ನಿನಗೆ ಹೇಳಿದ್ದೆನಲ್ಲ, ಮೊಟ್ಟೆ ಕಲಸಿ, ತೂಗಿ, ಯಂತ್ರಕ್ಕೆ ಹದ ಮಾಡಿಕೊಡುವವಳು. ಆಳು ಗುಬ್ಬಚ್ಚಿಯಷ್ಟು, ಕೆಲಸ ಅಷ್ಟೇ ನಿಖರ, ಅದಕ್ಕೇ ಆ ಹೆಸರು. ಇಬ್ಬರು ಮಕ್ಕಳ ತಾಯಿ, ವರ್ಷಗಟ್ಟಲೆ ಗುತ್ತಿಗೆಯಲ್ಲಿ ದುಡಿದು ಈ ತಿಂಗಳು ಖಾಯಂ ಆಗಬೇಕಾಗಿತ್ತು. ಮುಖ್ಯಸ್ಥರು ಎಲ್ಲರನ್ನೂ ನಿಲ್ಲಿಸಿ, "ಯಾರ ಮನೇಲಾದ್ರೂ ಈ ಔಷಧಿ ಇದೆಯಾ?" ಎಂದು ಕೇಳಿದರು. ಅವಳು ಕೈ ಎತ್ತಿದಳು. ಅವಳ ಮುದಿ ನಾಯಿಗೆ ಕಾಲಿನ ಗಾಯ ಕೀವಾಗಿ, ಪಶುವೈದ್ಯರು ಇದೇ ಎನ್ರೋ ಮಾತ್ರೆ ಬರೆದುಕೊಟ್ಟಿದ್ದಾರಂತೆ.

"ಸಿಕ್ತು ನೋಡಿ!" ಎಂದರು ಮುಖ್ಯಸ್ಥರು.

"ಮಾತ್ರೆ ಕೊಟ್ಟು ಸೋಪು ಹಾಕಿ ಕೈ ತೊಳೀತೀನಿ ಸಾರ್. ಇಲ್ಲಿ ಕೈಗವಸು ಹಾಕ್ಕೊಂಡೇ ಕೆಲಸ ಮಾಡೋದು" ಎಂದಳು. ನಾಯಿ ನೆಕ್ಕಿದ ಕೈ ಎಷ್ಟು ತೊಳೆದರೂ ಅಷ್ಟೇ ಎಂದು ಯಾರೋ ಹಿಂದಿನಿಂದ ಗೊಣಗಿದರು. ನಾನೂ ಅವಳ ಕೈಗಳ ಕಡೆಗೆ ನೋಡಿದೆ. ಈಗ ಅವಳನ್ನು ಬೆಂಚಿನಿಂದ ತೆಗೆದು ಉಗ್ರಾಣಕ್ಕೆ ಹಾಕಿದ್ದಾರೆ. ಹೊರಗಿನಿಂದ ಇಬ್ಬರು ಬಂದು ವಿಚಾರಣೆ ಮಾಡುತ್ತಾರೆ. ಅವಳದ್ದೇ ತಪ್ಪು ಎಂದಾದರೆ ಖಾಯಂ ಮಾತು ಹಾಗಿರಲಿ, ಇನ್ನು ಯಾವ ಲ್ಯಾಬೂ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ವಿಚಾರಣೆಗೆ ಕಾಗದಪತ್ರ ಒದಗಿಸಬೇಕು, ಹಾಗಾಗಿ ನಿನ್ನನ್ನೂ ಒಂದು ಮಾತು ಕೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಕೋಳಿಗಳು ಚೆನ್ನಾಗಿವೆ ತಾನೇ? ಈ ಗಲಾಟೆಯಲ್ಲಿ ಈ ತಿಂಗಳು ಬರಲಾಗುವುದಿಲ್ಲ. ಹೊಸ ಮೊಟ್ಟೆ ಎತ್ತಿಟ್ಟಿರು. ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ಪ್ರೀತಿಯ,
ಮೆಣಸಿನಕಾಯಿ


ಫೆಬ್ರವರಿ 19

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಉತ್ತರ ಬಂತು. "ಕೋಳಿಗಳು ಚೆನ್ನಾಗಿವೆ, ನಿಮ್ಮ ಪಾತ್ರೆಪಗಡಿ ಸರಿಯಾಗಿ ತೊಳೆದುಕೊಳ್ಳಿ" ಎಂಬ ಒಂದೇ ಒಂದು ಸಾಲು. ಪಕ್ಕದ ಮನೆಯವರು ಹಾಕಿದ ಪರದೆಯ ಬಣ್ಣದ ಬಗ್ಗೆಯೇ ಒಂದು ಪುಟ ಬರೆಯುವವಳು ನೀನು. ಆ ಒಂದು ಸಾಲನ್ನು ಮೂರು ಸಲ ತಿರುಗಿಸಿ ಓದಿದೆ.

ಅಕ್ಕ, ಈಗ ನಾನು ಹೇಳುವುದನ್ನು ಕೂತುಕೊಂಡು ಓದು.

ಮಿಲಿಗ್ರಾಂ ಉಗ್ರಾಣದಲ್ಲಿ ಖಾಲಿ ಡಬ್ಬಿಗಳ ನಡುವೆ ಕೂತಿದ್ದಾಳೆ. ಊಟದ ಹೊತ್ತಿಗೆ ಅವಳ ಮೇಜಿಗೆ ಯಾರೂ ಹೋಗುವುದಿಲ್ಲ. ನಾನು ಹೋಗಿ ಕೂತೆ. ಅವಳು ಬುತ್ತಿಯ ಮುಚ್ಚಳ ಹಾಕಿ, "ನನಗೆ ಬೇರೆ ಯಾರದಾದ್ರೂ ಮನೆ ಮೊಟ್ಟೆ ಕೊಡಿ ಮೇಡಂ. ಇದೇ ಕೈಯಲ್ಲಿ ಮಾಡಿಕೊಡ್ತೀನಿ. ಅದರಲ್ಲೂ ಉಬ್ಬು ಬಂದ್ರೆ ನಾನೇ ಬರೆದುಕೊಟ್ಟು ಹೋಗ್ತೀನಿ" ಎಂದಳು. ಮುಖ್ಯಸ್ಥರು ಒಪ್ಪಲಿಲ್ಲ. "ವಿಚಾರಣೆ ಮುಗಿಯೋ ತನಕ ಅವರು ಯಾವ ಮಾದರೀನೂ ಮುಟ್ಟೋ ಹಾಗಿಲ್ಲ" ಎಂದರು. ಅವರು ಊಟಕ್ಕೆ ಹೋದಾಗ ನಾನು ಮುಟ್ಟಿಸಿದೆ. ನಮ್ಮ ಬೀದಿಯ ಕೊನೆಯ ಮನೆಯವರು ನಾಲ್ಕು ಕೋಳಿ ಸಾಕಿದ್ದಾರೆ, ಅವರಿಂದ ತಂದಿದ್ದೆ. ನಾಯಿ ನೆಕ್ಕಿದ ಆ ಕೈಯೇ ಕಲಸಿತು, ಆ ಕೈಯೇ ತೂಗಿತು. ಗೆರೆ ಸಪಾಟಾಗಿ ಮಲಗಿತು.

ಆಮೇಲೆ ನಾನೇ ಮಾಡಿದೆ. ಬೇರೆ ಕೋಣೆ, ಹೊಸ ಗಾಜು, ಮಿಲಿಗ್ರಾಂ ಹತ್ತಿರವೂ ಸುಳಿಯಲಿಲ್ಲ. ಫ್ರೀಜರಿನಿಂದ ಒಂದು ಅಕ್ಕ ತೆಗೆದೆ. ಉಬ್ಬು ಇತ್ತು.

ಬಾಟಲಿ ತುಂಬುವಾಗಲೇ ಏನೋ ಆಗಿರಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮನೆಗೆ ಬಂದು ನಮ್ಮ ಫ್ರಿಜ್ ತೆರೆದರೆ, ಹೋದ ಸಲ ನೀನು ನಮಗೆ ತಿನ್ನಲೆಂದು ಬೇರೆ ಕಟ್ಟಿಕೊಟ್ಟಿದ್ದ ಮೊಟ್ಟೆಗಳಲ್ಲಿ ಮೂರು ಇನ್ನೂ ಕೂತಿದ್ದವು. ಚಿಪ್ಪು ಒಡೆಯದವು, ಲ್ಯಾಬಿನ ಮುಖವನ್ನೇ ಕಾಣದವು. ಮರುದಿನ ಅವನ್ನು ಕೈಚೀಲದಲ್ಲಿಟ್ಟುಕೊಂಡು ಹೊರಟೆ. "ಆಮ್ಲೆಟ್ಟಿಗೆ ಅಂತ ಇಟ್ಟಿದ್ದ ಮೊಟ್ಟೆ ಕದ್ದುಕೊಂಡು ಎಲ್ಲಿಗೆ ಹೊರಟೆ?" ಎಂದು ನಮ್ಮನೆಯವರು ಬಾಗಿಲ ತನಕ ಹಿಂದೆ ಬಂದರು. ಮಂಡಿನೋವಿನ ನೆನಪು ಆಗ ಅವರಿಗಿರಲಿಲ್ಲ.

ಆ ಮೂರರಲ್ಲೂ ಉಬ್ಬು ಇತ್ತು. ಇನ್ನೊಂದು ವಿಷಯವೂ ಇದೆ, ಅದನ್ನು ನಾನು ಇನ್ನೂ ಯಾರಿಗೂ ತೋರಿಸಿಲ್ಲ. ಈ ಎನ್ರೋ ಕೋಳಿಯ ಹೊಟ್ಟೆಗೆ ಹೋದರೆ, ಮೈಯೊಳಗೆ ಅದರ ಸ್ವಲ್ಪ ಭಾಗ ಮಾರ್ಪಾಟಾಗಿ ಇನ್ನೊಂದು ವಸ್ತುವಾಗುತ್ತದೆ. ಮಾತ್ರೆಯ ಪುಡಿ ಕೈಯಿಂದ ಉದುರಿ ಬಿದ್ದಿದ್ದರೆ ಆ ಎರಡನೆಯದು ಇರುವುದಿಲ್ಲ. ಯಂತ್ರಕ್ಕೆ ಅದನ್ನೂ ಹುಡುಕು ಎಂದು ಹೇಳಿದೆ. ದೊಡ್ಡ ಉಬ್ಬಿನ ಜೊತೆಗೆ ತನ್ನ ಜಾಗದಲ್ಲಿ ಅದೂ ಪುಟ್ಟದಾಗಿ ಎದ್ದು ನಿಂತಿತು. ಇದು ಯಾರ ಕೈಯಿಂದಲೂ ಬಿದ್ದದ್ದಲ್ಲ ಅಕ್ಕ, ಕೋಳಿಯ ಮೈಯೊಳಗಿಂದ ಬಂದದ್ದು.

ಆ ಸಂಜೆ ನಿಮ್ಮ ಮನೆಗೆ ಫೋನ್ ಮಾಡಿದೆ. ಭಾವನೇ ಎತ್ತಿದರು. ಏನೂ ತಿಳಿಯದವಳಂತೆ ಕೋಳಿಗಳು ಹೇಗಿವೆ ಎಂದು ಕೇಳಿದೆ. "ಈಗ ಮಹಾರಾಣಿಯರ ಹಾಗಿದಾವೆ ಕಣಮ್ಮಾ. ಆಗ ಗೊರಗೊರ ಅಂತ ಕೆಮ್ಮೋವು, ಈಗ ಏನೂ ಇಲ್ಲ" ಎಂದರು. "ಯಾವಾಗ ಭಾವ?" ಎಂದೆ. ಅವರು ತಕ್ಷಣ ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಹೇಳಿ ಫೋನ್ ಇಟ್ಟುಬಿಟ್ಟರು. ಹುಟ್ಟಿದಾಗಿನಿಂದ ಒಂದು ಲೋಟ ಹಾಲು ಕಾಯಿಸಿದವರಲ್ಲ ನಮ್ಮ ಭಾವ.

ಶುಕ್ರವಾರ ವಿಚಾರಣೆ. ಮುಖ್ಯಸ್ಥರು ನನ್ನನ್ನು ಕೋಣೆಗೆ ಕರೆದು, ಬಾಗಿಲು ಹಾಕಿಕೊಂಡು, "ನೀವು ಹಿರಿಯರು. ಆ ಅಕ್ಕನ ಮೇಲೆ ಇಡೀ ಲ್ಯಾಬು ನಿಂತಿದೆ. ಅದೇ ಸರಿಯಿಲ್ಲ ಅಂದ್ರೆ ನಾವು ಕೊಟ್ಟ ವರದಿಗಳ ಗತಿ ಏನು? ಒಬ್ಬರ ಕೈ ತಪ್ಪು ಅಂದ್ರೆ ಅಲ್ಲಿಗೇ ಮುಗಿಯುತ್ತೆ" ಎಂದರು. ಅವರು ಕೆಟ್ಟವರಲ್ಲ. ಗಾಬರಿಯಲ್ಲಿ ಹತ್ತಿರದ ಬಾಗಿಲು ಹುಡುಕುತ್ತಿದ್ದಾರೆ. ಆ ಬಾಗಿಲು ಮಿಲಿಗ್ರಾಂ. ನಾನು ಸುಮ್ಮನಿದ್ದರೆ ಸಾಕು, ಲ್ಯಾಬು ಉಳಿಯುತ್ತದೆ, ನಾನು ಉಳಿಯುತ್ತೇನೆ, ನಿನ್ನ ಹೆಸರೂ ಫ್ರೀಜರಿನಲ್ಲಿ ಹಾಗೇ ಉಳಿಯುತ್ತದೆ.

ನನಗೆ ಭಯವಾಗುತ್ತಿದೆ. ಸುಮ್ಮನಿದ್ದುಬಿಡುತ್ತೇನೇನೋ ಎಂಬ ಭಯ. ಅದಕ್ಕೇ ನಿನ್ನನ್ನು ನೇರವಾಗಿ ಕೇಳುತ್ತೇನೆ: ಕೋಳಿಗಳಿಗೆ ಏನು ಕೊಟ್ಟೆ? ಯಾವಾಗ ಕೊಟ್ಟೆ? ಈ ಕಾಗದ ಕೈಸೇರಿದ ದಿನವೇ ನಾನೂ ಬಂದುಬಿಡಬಹುದು. ನನ್ನ ಮೇಲೆ ಕೋಪ ಮಾಡಿಕೊ, ಬೈ, ಆದರೆ ನಿಜ ಹೇಳು.

ನಿನ್ನ,
ಮೆಣಸಿನಕಾಯಿ


ಫೆಬ್ರವರಿ 26

ಪ್ರೀತಿಯ ಅಕ್ಕನಿಗೆ,

ನಮಸ್ಕಾರಗಳು. ನಿಮ್ಮ ಮನೆಗೆ ಬಂದು ಹೋಗಿ ಇಷ್ಟು ದಿನ ಒಂದಕ್ಷರ ಬರೆಯಲಿಲ್ಲ, ಅದಕ್ಕೆ ಕ್ಷಮಿಸು. ಪೆನ್ನು ಹಿಡಿದಾಗಲೆಲ್ಲ ನಿನ್ನ ಬೆನ್ನು ಕಣ್ಣೆದುರಿಗೆ ಬರುತ್ತಿತ್ತು.

ಅವತ್ತು ನಾನು ಬಾಗಿಲಲ್ಲಿ ನಿಂತಾಗ ನೀನು ಹೊಲಿಗೆ ಯಂತ್ರದ ಮುಂದೆ ಇದ್ದೆ. ನೀನು ಮೊದಲು ನೋಡಿದ್ದು ನನ್ನ ಕೈಯಲ್ಲಿದ್ದ ಮೊಟ್ಟೆಯ ಪೆಟ್ಟಿಗೆಯನ್ನು. ನಿನ್ನ ಮುಖ ಅರಳಿತು. ಆಮೇಲೆ ನನ್ನ ಮುಖ ನೋಡಿದೆ, ಅರಳಿದ್ದು ಹಾಗೇ ಬಾಡಿತು. ನಾನು ನಿನ್ನ ಎದುರಿಗೆ ಸ್ಟೂಲು ಎಳೆದುಕೊಂಡು ಕೂತು, ಯಾವಾಗಲೂ ಮಾಡುವ ಹಾಗೆ, ತುಟಿ ಕಾಣುವಂತೆ ನಿಧಾನವಾಗಿ ಕೇಳಿದೆ.

"ಏನು ಕೊಟ್ಟೆ ಅಕ್ಕ?"

"ಏನೂ ಕೊಟ್ಟಿಲ್ಲ."

ಕಿಟಕಿಯ ಹಲಗೆಯ ಮೇಲೆ, ನೂಲಿನ ಡಬ್ಬಿಯ ಪಕ್ಕ, ಅರ್ಧ ಖಾಲಿಯಾದ ಔಷಧಿಯ ಸೀಸೆ ಇತ್ತು. ಬಚ್ಚಿಟ್ಟಿರಲೂ ಇಲ್ಲ ನೀನು. ನಾನು ಅದರ ಕಡೆ ಕೈ ತೋರಿಸಿದೆ.

"ಕೆಮ್ಮುತಿದ್ದವು ಕಣೇ. ಸಾಯೋಕೆ ಬಿಡ್ಲಾ? ಎರಡು ಹನಿ ನೀರಿಗೆ ಹಾಕಿದೆ. ಎರಡು ಹನೀಲಿ ಏನು ಪ್ರಳಯ ಆಗೋದಿದೆ ನಿಮ್ಮ ಲ್ಯಾಬಲ್ಲಿ?"

"ಔಷಧಿ ಕೊಡಬೇಡ ಅಂತ ನಾನು ಯಾವತ್ತಾದ್ರೂ ಹೇಳಿದೀನಾ? ಕೊಟ್ಟರೆ ಹೇಳು ಅಂದಿದ್ದೆ. ಕಾಗದ ಹಾಕಿ ಕೇಳಿದಾಗ್ಲೂ ಚೆನ್ನಾಗಿವೆ ಅಂದೆಯಲ್ಲ. ಅಲ್ಲಿ ಒಬ್ಬ ಹೆಂಗಸಿನ ಹೆಸರು ಮಣ್ಣಾಗ್ತಿದೆ" ಎಂದೆ. ನನ್ನ ದನಿ ಏರಿತ್ತೇನೋ, ಭಾವ ಒಳಗಿನಿಂದ ಓಡಿಬಂದರು. ನಿನಗೆ ದನಿ ಕೇಳಿಸದು, ಆದರೆ ಮುಖ ಕಾಣಿಸುತ್ತದೆ. ಆಗ ನೀನು ಸ್ಟೂಲಿನ ಮೇಲೆ ಹಾಗೇ ಸುತ್ತಿ, ಗೋಡೆಯ ಕಡೆ ತಿರುಗಿ, ನನಗೆ ಬೆನ್ನು ಹಾಕಿ ಕೂತುಬಿಟ್ಟೆ. ಬೇರೆಯವರು ಜಗಳವಾಡಿದರೆ ಎದ್ದು ಹೋಗುತ್ತಾರೆ, ಬಾಗಿಲು ಬಡಿಯುತ್ತಾರೆ. ನೀನು ಮುಖ ತಿರುಗಿಸಿದರೆ ಸಾಕು, ನನ್ನ ಬಾಯಿ ಕಟ್ಟಿಹೋಗುತ್ತದೆ. ಬೆನ್ನಿಗೆ ನಾನು ಏನು ಹೇಳಲಿ? ಹಿತ್ತಲಿಗೆ ಹೋಗಿ ಸಾಕ್ಷಿಗೆಂದು ಮೊಟ್ಟೆಗಳನ್ನು ನಾನೇ ಆರಿಸಿ ಪೆಟ್ಟಿಗೆಗೆ ತುಂಬಿಕೊಂಡೆ. ಸೀಸೆಯನ್ನೂ ತೆಗೆದುಕೊಂಡೆ. ನಿನ್ನ ಹೆಗಲು ಮುಟ್ಟಿದೆ, ನೀನು ತಿರುಗಲಿಲ್ಲ.

ಶುಕ್ರವಾರ ಏನಾಯಿತು ಎಂದು ಭಾವನಿಗೆ ಫೋನಿನಲ್ಲಿ ಹೇಳಿಲ್ಲ. ನಿನಗೆ ನಾನೇ ಹೇಳಬೇಕು.

ಉದ್ದನೆಯ ಮೇಜಿನ ಆ ಕಡೆ ಹೊರಗಿನಿಂದ ಬಂದ ಇಬ್ಬರು, ನಡುವೆ ಮುಖ್ಯಸ್ಥರು. ಈ ಕಡೆ ಮಿಲಿಗ್ರಾಂ, ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡು, ಎರಡೂ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡು ಕೂತಿದ್ದಳು. ಅವರು ಅವಳ ನಾಯಿಯ ಬಗ್ಗೆಯೇ ಅರ್ಧ ವಿಚಾರಣೆ ನಡೆಸಿದರು. ಮಾತ್ರೆಯನ್ನು ಯಾವ ಕೈಯಲ್ಲಿ ಕೊಡುತ್ತೀರಿ, ನಾಯಿ ಎಲ್ಲಿ ಮಲಗುತ್ತದೆ, ಬರುವಾಗ ಬಟ್ಟೆ ಬದಲಿಸುತ್ತೀರಾ ಎಂದೆಲ್ಲ ಕೇಳಿದರು. ಅವಳು ಒಂದೊಂದಕ್ಕೂ ಇದ್ದದ್ದನ್ನು ಇದ್ದಹಾಗೆ ಹೇಳುತ್ತಾ ಹೋದಳು. ನನ್ನ ಸರದಿ ಬಂತು. ಎದ್ದು ನಿಂತು ಒಂದೊಂದೇ ಗೆರೆಯನ್ನು ಪರದೆಯ ಮೇಲೆ ಹಾಕಿದೆ. ಮಿಲಿಗ್ರಾಂ ಕೈಯಲ್ಲಿ ಹದಗೊಂಡ ಬೇರೆ ಮನೆಯ ಮೊಟ್ಟೆ, ಸಪಾಟು. ನನ್ನ ಕೈಯಲ್ಲಿ ಹದಗೊಂಡ ಬಾಟಲಿ, ಉಬ್ಬು. ನಮ್ಮ ಮನೆಯ ಫ್ರಿಜ್ಜಿನ ಮೂರು ಮೊಟ್ಟೆ, ಉಬ್ಬು. ಕೊನೆಗೆ ಆ ಎರಡನೆಯ ಪುಟ್ಟ ಉಬ್ಬು, ಕೋಳಿಯ ಮೈಯೊಳಗೆ ಹಾದುಬಂದದ್ದಕ್ಕೆ ಗುರುತು.

ಹೊರಗಿನವರಲ್ಲಿ ಒಬ್ಬರು ಕನ್ನಡಕ ಏರಿಸಿಕೊಂಡು, "ಈ ಮೊಟ್ಟೆ ಯಾರ ಮನೇದು?" ಎಂದರು.

"ಅಕ್ಕನ ಮನೇದು ಸಾರ್."

"ಅಕ್ಕ ಅಂದ್ರೆ ನಿಮ್ಮ ಬಾಟಲಿ ಹೆಸರು, ಅದು ಗೊತ್ತಾಯ್ತು. ಮೊಟ್ಟೆ ಯಾರದು?"

"ನನ್ನ ಸ್ವಂತ ಅಕ್ಕ ಸಾರ್. ಅವಳಿಗೆ ಕಿವಿ ಕೇಳಲ್ಲ, ಹೊಲಿಗೆ ಮಾಡ್ತಾಳೆ, ಹಿತ್ತಲಲ್ಲಿ ಕೋಳಿ ಸಾಕಿದಾಳೆ. ಕೋಳಿಗೆ ಔಷಧಿ ಕೊಟ್ಟಿದ್ದು ಅವಳೇ. ಸೀಸೆ ತಂದಿದೀನಿ" ಎಂದು ಮೇಜಿನ ಮೇಲಿಟ್ಟೆ.

ನಮ್ಮ ಲ್ಯಾಬಿನ ಕಿರಿಯರಿಗೆ, ಅಕ್ಕ ಎಂದರೆ ನಿಜವಾದ ಒಬ್ಬ ಹೆಂಗಸು ಎಂದು ಅವತ್ತೇ ಗೊತ್ತಾದದ್ದಂತೆ. ಮುಖ್ಯಸ್ಥರು ತಲೆ ಮೇಲೆ ಕೈ ಹೊತ್ತು ಕೂತರು. ನನಗೆ ಅಳು ಬರುತ್ತಿತ್ತು, ಅಳಲಿಲ್ಲ. ನಿನ್ನನ್ನು ನಾಲ್ಕು ಜನರ ಮುಂದೆ ಹಿಡಿದುಕೊಟ್ಟ ಹಾಗೆ ಅನ್ನಿಸಿತು ಅಕ್ಕ. ಈಗಲೂ ಹಾಗೇ ಅನ್ನಿಸುತ್ತಿದೆ. ಆದರೂ ಮತ್ತೊಮ್ಮೆ ನಿಲ್ಲಿಸಿದರೆ ಅದನ್ನೇ ಹೇಳುತ್ತೇನೆ, ಇದನ್ನು ನಿನ್ನ ಹತ್ತಿರ ಮುಚ್ಚಿಡುವುದಿಲ್ಲ.

ಮಿಲಿಗ್ರಾಂ ಮತ್ತೆ ಬೆಂಚಿಗೆ ಬಂದಿದ್ದಾಳೆ. ಖಾಯಂ ಆದೇಶವೂ ಬಂತು. ಧನ್ಯವಾದ ಹೇಳುತ್ತಾಳೆಂದು ನಾನು ಕಾದಿರಲಿಲ್ಲ, ಅವಳು ಹೇಳಲೂ ಇಲ್ಲ. ತಕ್ಕಡಿ ಒರೆಸುತ್ತಾ, "ಮೊದಲನೇ ದಿನ ಎಲ್ಲರ ಜೊತೆ ನೀವೂ ನನ್ನ ಕೈ ನೋಡಿದ್ರಿ ಮೇಡಂ" ಎಂದಳು. ಹೌದು ಎಂದೆ. ಒರೆಸಿದ ಬಟ್ಟೆ ಮಡಿಸಿಟ್ಟು, "ನಿಮ್ಮಕ್ಕ ಹೇಗಿದಾರೆ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

ಜನವರಿಯಿಂದ ಈಚೆಗೆ ಕೊಟ್ಟ ವರದಿಗಳನ್ನೆಲ್ಲ ವಾಪಸು ಪಡೆದು, ಎತ್ತಿಟ್ಟ ಮಾದರಿಗಳನ್ನು ಮತ್ತೆ ಪರೀಕ್ಷೆ ಮಾಡುತ್ತಿದ್ದೇವೆ. ಇಲ್ಲ ಎಂದು ಬರೆದುಕೊಟ್ಟವುಗಳಲ್ಲಿ ಎರಡು ಕಡೆಯ ಮೊಟ್ಟೆಗಳಲ್ಲಿ ಈಗ ಔಷಧಿ ಸಿಕ್ಕಿದೆ. ಆ ಮೊಟ್ಟೆಗಳನ್ನು ಯಾರೋ ತಿಂದು ಮುಗಿಸಿಯಾಗಿದೆ. ನನಗೆ ನೋಟಿಸು ಬಂದಿದೆ, ಸದ್ಯಕ್ಕೆ ವರದಿಗೆ ಸಹಿ ಹಾಕುವ ಹಾಗಿಲ್ಲ. ಇನ್ನು ಮುಂದೆ ಶುದ್ಧ ಮೊಟ್ಟೆ ಒಂದೇ ಮನೆಯಿಂದ ಬರಬಾರದು, ಕೆಲಸಗಾರರ ನೆಂಟರ ಮನೆಯಿಂದಂತೂ ಬೇಡವೇ ಬೇಡ ಎಂದು ಹೊಸ ನಿಯಮವಾಗಿದೆ. ಫ್ರೀಜರಿನಲ್ಲಿದ್ದ ಬಾಟಲಿಗಳನ್ನೆಲ್ಲ ನಿನ್ನೆ ತೆಗೆದು ಹಾಕಿದೆವು. ಚೀಟಿಗಳನ್ನು ಕಿತ್ತವಳು ನಾನೇ. ಮಂಜು ಹಿಡಿದ ಚೀಟಿ ಬೇಗ ಬರುವುದಿಲ್ಲ, ಉಗುರಿನಲ್ಲಿ ಕೆರೆಯಬೇಕಾಯಿತು.

ಕೋಳಿಗಳು ಈಗ ಆರಾಮವಾಗಿರಲಿ, ಅವಕ್ಕೆ ಇನ್ನು ಯಾವ ಸರ್ಕಾರದ ಹಂಗೂ ಇಲ್ಲ. ಔಷಧಿ ನಿಲ್ಲಿಸಿದ ಮೇಲೂ ಸ್ವಲ್ಪ ದಿನ ಆ ಮೊಟ್ಟೆಯನ್ನು ನೀವೂ ತಿನ್ನಬೇಡಿ, ಯಾವಾಗಿನಿಂದ ತಿನ್ನಬಹುದೆಂದು ನಾನು ನೋಡಿ ಹೇಳುತ್ತೇನೆ. ಭಾವನ ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡ. ಕಿವಿಯ ಯಂತ್ರ ರಿಪೇರಿಗೆ ಕೊಡು. ನೀವಿಬ್ಬರೂ ನೂರು ಕಾಲ ಚೆನ್ನಾಗಿರಿ ಎಂದು ಹರಸುವ ವಯಸ್ಸು ನನ್ನದಲ್ಲ, ಆದರೂ ಹಾಗೇ ಬೇಡಿಕೊಳ್ಳುತ್ತೇನೆ. ನೀನು ದೊಡ್ಡವಳು, ಕೋಪದಲ್ಲೇ ಆದರೂ ನನ್ನ ತಲೆಯ ಮೇಲೆ ಒಂದು ಕೈ ಇಡು.

ನಿನ್ನ ತಂಗಿ,
ಮೆಣಸಿನಕಾಯಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅವತ್ತು ಭಾವ ನನ್ನನ್ನು ಬಸ್ಸು ಹತ್ತಿಸಲು ಬಂದಿದ್ದರು. ಪೆಟ್ಟಿಗೆ ನನ್ನ ಕೈಗೆ ಕೊಡುತ್ತಾ ಹೇಳಿದರು: "ಕೋಳಿ ಕೆಮ್ಮಿದಾಗ್ಲೇ, ತಂಗಿಗೆ ಹೇಳಿಬಿಡೋಣ, ಈ ತಿಂಗಳು ಮೊಟ್ಟೆ ಬೇಡ ಅಂತಾಳೆ ಅಷ್ಟೇ ಅಂತ ನಾನಂದೆ ಕಣಮ್ಮಾ. ಅದಕ್ಕೆ ಇವಳು, ಮೊಟ್ಟೆ ಬೇಡ ಅಂದ್ರೆ ಅವಳು ಇಲ್ಲಿಗೆ ಯಾಕೆ ಬರ್ತಾಳೆ, ನನ್ನ ಎದುರಿಗೆ ಕೂತು ಮಾತಾಡೋಳು ಅವಳೊಬ್ಬಳೇ, ಅಂದ್ಲು." ಬಸ್ಸಿನಲ್ಲಿ ಕೂತು ಮೊದಲು ನಿನ್ನ ಮೇಲೆ ಸಿಟ್ಟು ಬಂತು, ನನ್ನ ಬಗ್ಗೆ ಹೀಗೆ ಅಂದುಕೊಂಡಳಲ್ಲ ಎಂದು. ಅದು ಸುಳ್ಳು ಎಂದು ನಿನಗೆ ತೋರಿಸಲು, ಪೆಟ್ಟಿಗೆ ಇಲ್ಲದೆ ನಿನ್ನ ಮನೆಗೆ ಬಂದ ಒಂದು ದಿನವನ್ನು ದಾರಿಯುದ್ದಕ್ಕೂ ಹುಡುಕಿದೆ. ಸಿಗಲಿಲ್ಲ ಅಕ್ಕ. ಅವತ್ತೂ ಅದು ನನ್ನ ತೊಡೆಯ ಮೇಲೇ ಇತ್ತು. ಈ ಭಾನುವಾರ ಬರುತ್ತೇನೆ. ಪೆಟ್ಟಿಗೆ ತರುವುದಿಲ್ಲ. ನಿನ್ನ ಎದುರಿಗೆ ಸ್ಟೂಲು ಹಾಕಿಕೊಂಡು ಕೂರುತ್ತೇನೆ, ಎಷ್ಟು ಬೇಕಾದರೂ ಬೈ. ಮುಖ ಮಾತ್ರ ತಿರುಗಿಸಬೇಡ.